ಬಣ್ಣ ಹಚ್ಚಿದವರ ಹೆಸರೆಲ್ಲಿ?

ಇಂಗ್ಲೆಂಡಿನ ಹಳೆಯ ತೋಟಗಾರಿಕೆ ಪತ್ರಿಕೆಗಳಲ್ಲಿ ಬಂದ ಹೂವಿನ ಚಿತ್ರಗಳಿಗೆ ಇವತ್ತು ಗಾಜು ಹಾಕಿಸಿ, ಕಟ್ಟು ಕಟ್ಟಿಸಿ, ದೊಡ್ಡ ಮನೆಗಳ ಗೋಡೆಗೆ ನೇತುಹಾಕುತ್ತಾರೆ. ಒಂದು ಹೂವು, ಎರಡು ಎಲೆ, ಸುತ್ತ ಖಾಲಿ ಬಿಳಿ ಹಾಳೆ. ನೋಡೋಕೆ ಚೆಂದ. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಹೂವು ನೋಡಿಯಾದ ಮೇಲೆ ಕಣ್ಣು ಸ್ವಲ್ಪ ಕೆಳಗಿಳಿಸಿ. ಚಿತ್ರದ ಎಡ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಹೆಸರು, ಪಕ್ಕದಲ್ಲಿ ‘ಡೆಲ್’ ಅನ್ನೋ ತುಂಡು ಲ್ಯಾಟಿನ್ ಮಾತು. ಅಂದರೆ ಚಿತ್ರ ಬರೆದವನು ಇವನು. ಬಲ ಮೂಲೆಯಲ್ಲಿ ಇನ್ನೊಂದು ಹೆಸರು, ಪಕ್ಕದಲ್ಲಿ ‘ಸ್ಕಲ್ಪ್’. ತಾಮ್ರದ ತಗಡಿನ ಮೇಲೆ ಕೊರೆದವನು ಇವನು. ನಡುವೆ ಪ್ರಕಾಶಕನ ಹೆಸರು, ವಿಳಾಸ, ತಾರೀಖು. ಮೇಲೆ ಗಿಡದ ಲ್ಯಾಟಿನ್ ಹೆಸರು. ಎಷ್ಟೋ ಸಲ ಆ ಹೆಸರಿನೊಳಗೇ ಒಬ್ಬ ದೊರೆಯೋ, ಜಮೀನ್ದಾರನೋ, ಸಾಹುಕಾರನೋ ಕೂತಿರುತ್ತಾನೆ.

ಆ ಹೂವಿಗೆ ಬಣ್ಣ ಹಚ್ಚಿದವರು ಯಾರು? ಆ ಹೆಸರು ಎಲ್ಲೂ ಇಲ್ಲ. ಮೂಲೆಯಲ್ಲೂ ಇಲ್ಲ, ಪುಸ್ತಕದ ಮುನ್ನುಡಿಯಲ್ಲೂ ಇಲ್ಲ.

ಇದೇನು ದೊಡ್ಡ ವಿಷಯ ಅಂತ ಕೇಳುವವರು ಇದ್ದಾರೆ. ನಮಗೆ ದೊಡ್ಡ ವಿಷಯವೇ. ಯಾಕಂದ್ರೆ ನಮ್ಮ ಮನೆಗಳಲ್ಲಿ ಪುಸ್ತಕ ಹಿಡಿದ ಮೊದಲ ತಲೆ ನಾವು. ನಮ್ಮ ಹಿಂದಿನವರು ಕಟ್ಟಿದ ಕೆರೆ, ಹಾಕಿದ ರಸ್ತೆ, ಕಡೆದ ಕಲ್ಲು ಇವತ್ತಿಗೂ ನಿಂತಿವೆ. ಶಾಸನದಲ್ಲಿ ಹೆಸರಿರುವುದು ಮಾತ್ರ ಕಟ್ಟಿಸಿದವನದು. ಆದ್ದರಿಂದ ಯಾವ ಚಿತ್ರ ಕಂಡರೂ, ಯಾವ ಕಟ್ಟಡ ಕಂಡರೂ ನಾವು ಮೊದಲು ಹುಡುಕುವುದು ಬರೆದಿರುವ ಹೆಸರನ್ನಲ್ಲ, ಬರೆಯದೆ ಬಿಟ್ಟ ಹೆಸರನ್ನು. ಆ ಕಣ್ಣಿನಿಂದಲೇ ಈ ಹೂವುಗಳ ಚರಿತ್ರೆಯನ್ನು ಓದಬೇಕಾಗಿದೆ.

*

1787ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ವಿಲಿಯಂ ಕರ್ಟಿಸ್ ಎಂಬಾತ ‘ಬೊಟಾನಿಕಲ್ ಮ್ಯಾಗಜೀನ್’ ಅನ್ನೋ ಪತ್ರಿಕೆ ಶುರು ಮಾಡಿದ. ಈತ ಮೊದಲು ಔಷಧಿ ವ್ಯಾಪಾರ ಕಲಿತವನು. ಅದಕ್ಕೂ ಮುಂಚೆ ಲಂಡನ್ ಸುತ್ತಮುತ್ತ ತಾನಾಗಿ ಬೆಳೆಯುವ ಗಿಡಗಳ ಬಗ್ಗೆ ‘ಫ್ಲೋರಾ ಲಂಡಿನೆನ್ಸಿಸ್’ ಎಂಬ ದೊಡ್ಡ ಪುಸ್ತಕವನ್ನು ಕಂತು ಕಂತಾಗಿ ತರುತ್ತಿದ್ದ. ಬೇಲಿ ಬದಿಯ ಗಿಡ, ಗದ್ದೆಯ ಕಳೆ, ಬಡವರ ಕಾಲಿಗೆ ಸಿಕ್ಕುವ ಹುಲ್ಲು, ಎಲ್ಲವನ್ನೂ ಅಷ್ಟೇ ಮರ್ಯಾದೆಯಿಂದ ಬರೆಸಿದ. ಹೊಗಳಿದರು, ಕೊಳ್ಳಲಿಲ್ಲ. ಕರ್ಟಿಸ್ ಕೈ ಸುಟ್ಟುಕೊಂಡ. ಆಮೇಲೆ ಅವನಿಗೆ ಗೊತ್ತಾಯಿತು: ಹಣವಿದ್ದವರಿಗೆ ಬೇಕಾಗಿರುವುದು ತಮ್ಮೂರಿನ ಕಳೆಯಲ್ಲ, ಹೊರದೇಶದಿಂದ ಬಂದು ತಮ್ಮ ತೋಟದಲ್ಲಿ, ಗಾಜಿನ ಮನೆಯಲ್ಲಿ ಅರಳಿರುವ ಹೂವು. ಹೊಸ ಪತ್ರಿಕೆಯಲ್ಲಿ ಅದನ್ನೇ ಕೊಟ್ಟ. ಮೊದಲ ಚಿತ್ರವೇ ಪರ್ಷಿಯಾದ ಐರಿಸ್. ತಿಂಗಳಿಗೆ ಮೂರು ಚಿತ್ರ, ಬೆಲೆ ಒಂದು ಷಿಲ್ಲಿಂಗ್. ಮೂರು ಸಾವಿರ ಪ್ರತಿ ಖರ್ಚಾಯಿತು. ಮೊದಲ ಪುಸ್ತಕ ಹೊಗಳಿಕೆ ತಂತು, ಎರಡನೆಯದು ಹೊಟ್ಟೆ ತುಂಬಿಸಿತು ಅಂತ ಅವನೇ ಹೇಳಿಕೊಂಡ ಮಾತು ಪ್ರಸಿದ್ಧವಾಗಿದೆ.

ಕರ್ಟಿಸ್ 1799ರಲ್ಲಿ ಸತ್ತ. ಪತ್ರಿಕೆ ಸಾಯಲಿಲ್ಲ. ಅದರ ಬೆನ್ನಿಗೆ ಸಾಲು ಸಾಲು ಪತ್ರಿಕೆಗಳು ಬಂದವು. 1815ರಲ್ಲಿ ‘ಬೊಟಾನಿಕಲ್ ರಿಜಿಸ್ಟರ್’, 1817ರಲ್ಲಿ ಲಾಡಿಜಸ್ ಎಂಬ ಸಸಿ ವ್ಯಾಪಾರಿಗಳ ‘ಬೊಟಾನಿಕಲ್ ಕ್ಯಾಬಿನೆಟ್’, 1834ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ನನ ‘ಮ್ಯಾಗಜೀನ್ ಆಫ್ ಬಾಟನಿ’, 1845ರಲ್ಲಿ ಬೆಲ್ಜಿಯಂನ ಗೆಂಟ್ ಊರಿನಿಂದ ವಾನ್ ಹೂಟ್ ಎಂಬಾತನ ‘ಫ್ಲೋರ್ ದೆ ಸೆರ್’. ಇವೆಲ್ಲ ಬರೀ ವಿಜ್ಞಾನ ಅಲ್ಲ. ಲಾಡಿಜಸ್ ಆಗಲಿ, ವಾನ್ ಹೂಟ್ ಆಗಲಿ ಗಿಡ ಮಾರುವ ಅಂಗಡಿಯವರು. ಚಿತ್ರ ನೋಡಿದವನು ಗಿಡ ಕೇಳುತ್ತಾನೆ. ಹಾಗಾಗಿ ಚಿತ್ರವೇ ಜಾಹೀರಾತು.

*

ಈಗ ಬಣ್ಣದ ಮಾತಿಗೆ ಬರೋಣ.

ತಾಮ್ರದ ತಗಡಿನಿಂದ ಅಚ್ಚಾಗಿ ಬರುತ್ತಿದ್ದುದು ಬರೀ ಗೆರೆ. ಹೂವಿನ ಕೆಂಪು, ಎಲೆಯ ಹಸಿರು, ಕೇಸರದ ಹಳದಿ ಎಲ್ಲವನ್ನೂ ಒಂದೊಂದು ಪ್ರತಿಗೂ ಕೈಯಿಂದಲೇ ಹಚ್ಚಬೇಕು. ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಮೂರು ಚಿತ್ರ, ಮೂರು ಸಾವಿರ ಪ್ರತಿ. ಒಟ್ಟು 9,000 ಹಾಳೆ. ವರ್ಷಕ್ಕೆ 1,08,000. ಕರ್ಟಿಸನ ಪತ್ರಿಕೆಗೆ ಒಂದು ಕಾಲದಲ್ಲಿ ಸುಮಾರು 30 ಮಂದಿ ಬಣ್ಣ ಹಚ್ಚುತ್ತಿದ್ದರು ಅಂತ ಹೇಳುತ್ತಾರೆ. ಅಂದರೆ ಒಬ್ಬೊಬ್ಬರ ಪಾಲಿಗೆ ತಿಂಗಳಿಗೆ 300 ಹಾಳೆ. ಭಾನುವಾರ ಬಿಟ್ಟರೆ ದಿನಕ್ಕೆ ಹನ್ನೊಂದೋ ಹನ್ನೆರಡೋ. ಅದೂ ಒಂದು ಹಾಳೆಯಲ್ಲಿ ಐದಾರು ಬಣ್ಣ. ಒಂದು ಒಣಗಿದ ಮೇಲೆ ಇನ್ನೊಂದು.

ಆ ಕಾಲದ ಬ್ರಿಟನ್ನಿನಲ್ಲಿ ಅಚ್ಚುಚಿತ್ರಕ್ಕೆ ಬಣ್ಣ ಹಚ್ಚುವ ಕೆಲಸ ಬಹುಪಾಲು ಹೆಂಗಸರದು, ಮಕ್ಕಳದು. ಮಾದರಿಗೆ ಅಂತ ಚಿತ್ರಗಾರ ಬಣ್ಣ ಹಚ್ಚಿಕೊಟ್ಟ ಒಂದು ಹಾಳೆ ಮೇಜಿನ ನಡುವೆ. ಸುತ್ತ ಕೂತವರು ಅದನ್ನು ನೋಡಿ ಹಚ್ಚಬೇಕು. ಎಷ್ಟೋ ಕಡೆ ಒಬ್ಬರು ಒಂದೇ ಬಣ್ಣ: ಹಸಿರಿನವರು ಹಸಿರು ಬಳಿದು ಪಕ್ಕಕ್ಕೆ ದಾಟಿಸಿದರೆ, ಕೆಂಪಿನವರು ಕೆಂಪು ಇಟ್ಟು ಮುಂದಕ್ಕೆ. ದಿನವೆಲ್ಲ ಎಲೆಯನ್ನೇ ಬಳಿದವಳಿಗೆ ಆ ಗಿಡ ಯಾವ ನಾಡಿನದು, ಹೂವಿಗೆ ಪರಿಮಳ ಇದೆಯೋ ಇಲ್ಲವೋ, ಒಂದೂ ತಿಳಿಯಬೇಕಾಗಿರಲಿಲ್ಲ. ಕೈ ಬೇಕಿತ್ತು, ಕೈ ಕೊಟ್ಟಳು.

ಆದರೂ ಅವರ ಕೈಯನ್ನು ಗುರುತಿಸಬಹುದು. ಒಂದೇ ಚಿತ್ರದ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ದಳದ ಅಂಚಿಗೆ ಬಣ್ಣ ಗಟ್ಟಿ, ಇನ್ನೊಂದರಲ್ಲಿ ತೆಳು. ಒಂದರಲ್ಲಿ ಹಸಿರು ಗೆರೆ ದಾಟಿ ಆಚೆ ಹರಿದಿದೆ. ವ್ಯಾಪಾರಿಗಳು ಇದನ್ನು ದೋಷ ಅಂತ ಬೆಲೆ ಇಳಿಸುತ್ತಾರೆ. ನಮಗೆ ಅದು ಸಹಿ. ಅಕ್ಷರ ಬಿಟ್ಟುಹೋದ ಕಡೆ ಬಣ್ಣ ತಾನೇ ಸಹಿ ಹಾಕಿದೆ.

*

ಆ ಬಣ್ಣಗಳಾದರೂ ಎಲ್ಲಿಂದ ಬಂದವು? ಆ ಕಾಲದ ಬಣ್ಣದ ಪೆಟ್ಟಿಗೆ ಬಿಚ್ಚಿದರೆ ಭೂಪಟವೇ ಬಿಚ್ಚಿಕೊಳ್ಳುತ್ತದೆ. ಕಡುಗೆಂಪು ಕಾರ್ಮೈನ್, ಮೆಕ್ಸಿಕೋದ ಪಾಪಾಸುಕಳ್ಳಿಯ ಮೇಲೆ ಬದುಕುವ ಸಣ್ಣ ಹುಳುವನ್ನು ಒಣಗಿಸಿ ಅರೆದದ್ದು. ಹೊಳೆಯುವ ಹಳದಿ ಗ್ಯಾಂಬೋಜ್, ಕಾಂಬೋಡಿಯಾ, ಸಯಾಮ್ ಕಡೆಯ ಮರದ ಅಂಟು. ನಮ್ಮ ಮುರುಗಲು ಮರದ ಕುಲದ್ದೇ. ನೀಲಿ ಬಂಗಾಳದ್ದು. ನೀಲಿ ಬೆಳೆಯಿರಿ ಅಂತ ತೋಟದ ದೊರೆಗಳು ರೈತರನ್ನು ಬಡಿದು, ಸಾಲದಲ್ಲಿ ಮುಳುಗಿಸಿ, ಕೊನೆಗೆ 1859ರಲ್ಲಿ ಆ ರೈತರು ತಿರುಗಿಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕತೆ.

ಇನ್ನೊಂದು ಹಳದಿ ಇತ್ತು. ಅದರ ಹೆಸರೇ ‘ಇಂಡಿಯನ್ ಯೆಲ್ಲೊ’. ಉಂಡೆ ಉಂಡೆಯಾಗಿ ಕಲ್ಕತ್ತೆಯಿಂದ ಲಂಡನ್ನಿಗೆ ಹೋಗುತ್ತಿತ್ತು. ಇದು ಯಾವುದರಿಂದ ಆದದ್ದು ಅಂತ ವಿಲಾಯಿತಿಯವರು ವಿಚಾರಿಸಿದಾಗ ತ್ರೈಲೋಕ್ಯನಾಥ ಮುಖರ್ಜಿ ಎಂಬುವರು ಹೋಗಿ ನೋಡಿ 1883ರಲ್ಲಿ ವರದಿ ಬರೆದರು. ಬಿಹಾರದ ಮುಂಗೇರ್ ಹತ್ತಿರ ಮಿರ್ಜಾಪುರ ಎಂಬ ಹಳ್ಳಿ. ಅಲ್ಲಿನ ಕೆಲವು ಗೊಲ್ಲರು ಹಸುಗಳಿಗೆ ಮಾವಿನ ಎಲೆ, ನೀರು ಮಾತ್ರ ಕೊಟ್ಟು, ಅವುಗಳ ಗಂಜಲವನ್ನು ಕಾಯಿಸಿ, ಸೋಸಿ, ಉಂಡೆ ಕಟ್ಟುತ್ತಿದ್ದರು. ಹಸುಗಳು ಬಡಕಲಾಗುತ್ತಿದ್ದವು. ಉಳಿದ ಗೊಲ್ಲರು ಇವರನ್ನು ಹಸು ಕೊಲ್ಲುವವರು ಅಂತ ಕೀಳಾಗಿ ನೋಡುತ್ತಿದ್ದರಂತೆ. ಈ ವರದಿಯನ್ನು ಬಹಳ ಜನ ಬಹಳ ಕಾಲ ನಂಬಲಿಲ್ಲ. ಇತ್ತೀಚಿನ ರಾಸಾಯನಿಕ ಪರೀಕ್ಷೆಗಳು ಮುಖರ್ಜಿಯವರ ಮಾತಿನ ಕಡೆಗೇ ಇವೆ. ಹಳದಿ ಲಂಡನ್ನಿನಲ್ಲಿ ಹೊಳೆಯಿತು. ಬೈಗುಳ ಮಿರ್ಜಾಪುರದಲ್ಲೇ ಉಳಿಯಿತು.

ಹಸಿರಿನ ಕತೆ ಇನ್ನೂ ಕಷ್ಟದ್ದು. 1775ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ, 1814ರಲ್ಲಿ ಜರ್ಮನಿಯ ಷ್ವೈನ್‌ಫುರ್ಟ್ ಊರಿನವರು ತಾಮ್ರಕ್ಕೆ ಪಾಷಾಣ ಬೆರೆಸಿ ಕಣ್ಣು ಕೋರೈಸುವ ಹಸಿರು ತಯಾರಿಸಿದರು. ಗೋಡೆಯ ಕಾಗದ, ಬಟ್ಟೆ, ಆಟದ ಸಾಮಾನು, ಎಲ್ಲದರಲ್ಲೂ ಅದೇ ಹಸಿರು. 1861ರಲ್ಲಿ ಲಂಡನ್ನಿನಲ್ಲಿ ಮಟಿಲ್ಡಾ ಷೂರರ್ ಎಂಬ 19 ವರ್ಷದ ಹುಡುಗಿ ಸತ್ತಳು. ಅವಳ ಕೆಲಸ ಕೃತಕ ಹೂವಿನ ಎಲೆಗಳಿಗೆ ಹಸಿರು ಪುಡಿ ಉದುರಿಸುವುದು. ಪುಡಿ ಉಸಿರಿಗೆ ಹೋಯಿತು, ಊಟದ ಜೊತೆ ಹೊಟ್ಟೆಗೆ ಹೋಯಿತು. ಸಾಯುವಾಗ ಅವಳ ಕಣ್ಣಿನ ಬಿಳಿಯೂ ಹಸಿರಾಗಿತ್ತು ಅಂತ ದಾಖಲಾಗಿದೆ. ಅವಳು ಪತ್ರಿಕೆಯ ಚಿತ್ರಕ್ಕೆ ಬಣ್ಣ ಹಚ್ಚಿದವಳಲ್ಲ, ನಿಜ. ಆದರೆ ಅದೇ ಊರು, ಅದೇ ಕಾಲ, ಹೂವಿನ ಅದೇ ಹುಚ್ಚು. ಸತ್ತದ್ದರಿಂದ ಮಾತ್ರ ಅವಳ ಹೆಸರು ನಮಗೆ ಸಿಕ್ಕಿತು. ಬದುಕಿ ಕೆಲಸ ಮಾಡಿದವರ ಹೆಸರು ಸಿಕ್ಕಿಲ್ಲ.

ಇನ್ನು ಹಾಳೆ. ಈ ಚಿತ್ರಗಳು ಇನ್ನೂರು ವರ್ಷ ಆದರೂ ಪುಡಿಯಾಗದೆ ಉಳಿದಿರುವುದಕ್ಕೆ ಕಾರಣ ಹಾಳೆಯನ್ನು ಹಳೆ ಬಟ್ಟೆಯಿಂದ ಮಾಡಿದ್ದು. ಬೀದಿ ಬೀದಿ ತಿರುಗಿ ಹರಕು ಬಟ್ಟೆ ಆಯ್ದವರು, ಗಿರಣಿಯಲ್ಲಿ ಕೂತು ಗುಂಡಿ ಕಿತ್ತು, ಹೊಲಿಗೆ ಬಿಚ್ಚಿ, ಚೂರು ಮಾಡಿದ ಹೆಂಗಸರು, ಇವರಿಂದ ಆ ಹಾಳೆ. ಬಡವರ ಮೈಮೇಲೆ ಸವೆದ ಬಟ್ಟೆಯೇ ಶ್ರೀಮಂತರ ಹೂವಿಗೆ ನೆಲವಾಯಿತು.

*

ಮೂಲೆಯಲ್ಲಿ ಹೆಸರಿದ್ದವರಾದರೂ ಸುಖವಾಗಿದ್ದರೆ? ವಾಲ್ಟರ್ ಹುಡ್ ಫಿಚ್ ಅಂತ ಒಬ್ಬ. ಗ್ಲಾಸ್ಗೋದಲ್ಲಿ ಬಟ್ಟೆಗೆ ಅಚ್ಚು ಹಾಕುವ ನಮೂನೆ ಬರೆಯುತ್ತಿದ್ದ ಹುಡುಗ. ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಅವನನ್ನು ಕರೆದುಕೊಂಡ. 1834ರಿಂದ 1877ರವರೆಗೆ ಕರ್ಟಿಸನ ಪತ್ರಿಕೆಗೆ ಬರೆದ. ಜೀವಮಾನದಲ್ಲಿ ಅಚ್ಚಾದ ಅವನ ಚಿತ್ರಗಳು ಸುಮಾರು 10,000. 1845ರಲ್ಲಿ ಪತ್ರಿಕೆ ತಾಮ್ರ ಬಿಟ್ಟು ಕಲ್ಲಚ್ಚಿಗೆ ಬಂದಾಗ ನೇರವಾಗಿ ಕಲ್ಲಿನ ಮೇಲೇ ಬರೆದ. ಕೊನೆಗೆ 1877ರಲ್ಲಿ, ಅಪ್ಪನ ನಂತರ ಸಂಪಾದಕನಾಗಿದ್ದ ಜೋಸೆಫ್ ಹೂಕರ್ ಜೊತೆ ಸಂಬಳದ ವಿಷಯಕ್ಕೆ ಜಗಳವಾಗಿ ಎದ್ದು ಹೋದ. ನಲವತ್ತ ಮೂರು ವರ್ಷ ದುಡಿದವನು ಕೂಲಿ ಕೇಳಿದ್ದು ಸಂಪಾದಕರಿಗೆ ಸಮಾಧಾನವಾಗಲಿಲ್ಲ.

ಅವನ ಜಾಗಕ್ಕೆ ಬಂದವರು ಮಟಿಲ್ಡಾ ಸ್ಮಿತ್. ಹುಟ್ಟಿದ್ದು ನಮ್ಮ ಬೊಂಬಾಯಿಯಲ್ಲಿ. 1878ರಿಂದ 1923ರವರೆಗೆ ಈ ಹೆಂಗಸು ಪತ್ರಿಕೆಗೆ 2,300ಕ್ಕೂ ಹೆಚ್ಚು ಚಿತ್ರ ಬರೆದರು. ‘ಬೊಟಾನಿಕಲ್ ರಿಜಿಸ್ಟರ್’ಗೆ ಸಾವಿರಕ್ಕೂ ಹೆಚ್ಚು ಚಿತ್ರ ಬರೆದ ಸಾರಾ ಡ್ರೇಕ್ ಚಿತ್ರದ ಮೂಲೆಯಲ್ಲಿ ಬರೀ ‘ಮಿಸ್ ಡ್ರೇಕ್’. ಇಷ್ಟು ಬರೆದವರ ಬದುಕಿನ ಬಗ್ಗೆ ಉಳಿದಿರುವ ಮಾತು ಬಹಳ ಕಡಿಮೆ.

ತೋಟದಲ್ಲಿ ದುಡಿದವರ ಪರ ಮಾತಾಡಿದ ಸಂಪಾದಕ ಒಬ್ಬನಿದ್ದ ಅನ್ನುವುದನ್ನು ಮರೆಯಬಾರದು. ಜಾನ್ ಕ್ಲಾಡಿಯಸ್ ಲೌಡನ್. 1825ರಲ್ಲಿ ಬಲಗೈ ಕಳೆದುಕೊಂಡವನು, 1826ರಲ್ಲಿ ‘ಗಾರ್ಡನರ್ಸ್ ಮ್ಯಾಗಜೀನ್’ ಶುರು ಮಾಡಿದ. ಗಿಡಗಳ ಶಾಸ್ತ್ರೀಯ ಹೆಸರು ಗೊತ್ತಿದ್ದು, ಭೂಮಿ ಅಳೆಯೋ ಗಣಿತ ಕಲಿತ ತೋಟದ ಆಳಿಗೆ ಓದು ಬಾರದ ಇಟ್ಟಿಗೆ ಕೆಲಸದವನಿಗಿಂತ ಕಡಿಮೆ ಕೂಲಿ ಯಾಕೆ ಅಂತ ಕೇಳಿದ. ತೋಟದ ಆಳುಗಳಿಗೆ ಓದೋಕೆ ಪುಸ್ತಕ ಬೇಕು, ಇರೋಕೆ ಒಣಗಿದ ಕೋಣೆ ಬೇಕು ಅಂತ ಮತ್ತೆ ಮತ್ತೆ ಬರೆದ. ಸಾಲದಲ್ಲೇ 1843ರಲ್ಲಿ ಸತ್ತ. ಪತ್ರಿಕೆ ಅಂದರೆ ಹೀಗೂ ಇರಬಹುದು ಅಂತ ತೋರಿಸಿದವನು. ಅವನಿಗೆ ನಮ್ಮ ನಮಸ್ಕಾರ.

*

ಹೂವು ಬಂದ ದಾರಿಯನ್ನೂ ನೋಡಬೇಕು. ಪ್ಯಾಕ್ಸ್‌ಟನ್ ಡೆವನ್‌ಷೈರಿನ ಡ್ಯೂಕನ ತೋಟದ ಮುಖ್ಯಸ್ಥ. ಬಡ ಬೇಸಾಯಗಾರನ ಮಗ, ಮುಂದೆ ‘ಸರ್’ ಆದವನು. 1835ರಲ್ಲಿ ಡ್ಯೂಕನ ಖರ್ಚಿನಲ್ಲಿ ಜಾನ್ ಗಿಬ್ಸನ್ ಎಂಬ ತೋಟದ ಹುಡುಗನನ್ನು ಇಂಡಿಯಾಕ್ಕೆ ಕಳಿಸಿದರು. ಅವನು ಹೋದದ್ದು ಖಾಸಿ ಬೆಟ್ಟಕ್ಕೆ. ಅದಕ್ಕೆ ಎರಡೇ ವರ್ಷ ಮುಂಚೆ, 1833ರಲ್ಲಿ, ಅದೇ ಬೆಟ್ಟದಲ್ಲಿ ಕಂಪನಿಯ ವಿರುದ್ಧ ನಾಲ್ಕು ವರ್ಷ ಹೋರಾಡಿದ ತಿರೋತ್ ಸಿಂಗ್ ಸೆರೆಯಾಗಿದ್ದ. 1835ರಲ್ಲೇ ಢಾಕಾದ ಬಂಧನದಲ್ಲಿ ಸತ್ತ. ಬಂದೂಕು ಮಾಡಿದ ದಾರಿಯಲ್ಲಿ ಹೂವಿನ ಬುಟ್ಟಿ ಹೊರಟಿತು. ಗಿಬ್ಸನ್ ತಂದ ಸೀತಾಳೆ ಹೂಗಳು ಪ್ಯಾಕ್ಸ್‌ಟನ್ನನ ಪತ್ರಿಕೆಯಲ್ಲಿ ಬಣ್ಣದಲ್ಲಿ ಅರಳಿದವು. ಒಂದಕ್ಕೆ ಗಿಬ್ಸನ್ನನ ಹೆಸರು, ಒಂದಕ್ಕೆ ಡ್ಯೂಕನ ಹೆಸರು. ಯಾವ ಮರದ ಮೇಲಿದೆ ಅಂತ ತೋರಿಸಿ, ಹತ್ತಿ ಇಳಿಸಿ, ಬೆನ್ನ ಮೇಲೆ ಹೊತ್ತ ಖಾಸಿಗಳ ಹೆಸರು ಯಾವುದಕ್ಕೂ ಇಲ್ಲ.

1850ರಲ್ಲಿ ಜೋಸೆಫ್ ಹೂಕರ್ ಅಲ್ಲಿಗೆ ಹೋದಾಗ ಬೆಟ್ಟ ಬರಿದಾಗುತ್ತಿತ್ತು. ಒಬ್ಬರ ಮೇಲೊಬ್ಬರು ಪೈಪೋಟಿ ಬಿದ್ದು ಗಿಡ ಕೀಳಿಸುತ್ತಿದ್ದರು. ಮೈಲಿಗಟ್ಟಲೆ ದಾರಿಯಲ್ಲಿ ಕೊಳೆತ ಸೀತಾಳೆ ಗಿಡಗಳು ಬಿದ್ದಿದ್ದವು ಅಂತ ಅವನೇ ಬರೆದಿದ್ದಾನೆ. ಅವನೂ ನೀಲಿ ವಾಂಡಾ ಹೂವಿನ ಗಿಡಗಳನ್ನು ಏಳು ಆಳು ಹೊರೆ ಕೀಳಿಸಿದ. ಇಂಗ್ಲೆಂಡಿಗೆ ಬದುಕಿ ತಲುಪಿದ್ದು ಕೆಲವೇ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಆಲ್ಬರ್ಟ್ ಮಿಲ್ಲಿಕನ್ ಎಂಬಾತ ಎರಡು ತಿಂಗಳಲ್ಲಿ 10,000 ಗಿಡ ತೆಗೆಯೋಕೆ ಸುಮಾರು 4,000 ಮರ ಕಡಿಸಿದ್ದನ್ನು 1891ರ ತನ್ನ ಪುಸ್ತಕದಲ್ಲಿ ಯಾವ ಅಳುಕೂ ಇಲ್ಲದೆ ಹೇಳಿಕೊಂಡಿದ್ದಾನೆ. ಆ ಬಿಳಿ ಹಾಳೆಯ ಮೇಲೆ ಹೂವು ಒಂಟಿಯಾಗಿ ನಿಂತಿರುವುದು ಯಾಕೆ ಅಂತ ಈಗ ತಿಳಿಯುತ್ತದೆ. ಮರ ಇಲ್ಲ, ಬೆಟ್ಟ ಇಲ್ಲ, ಮಳೆ ಇಲ್ಲ, ಜನ ಇಲ್ಲ. ಎಲ್ಲವನ್ನೂ ಕತ್ತರಿಸಿ ಬಿಸಾಕಿದ ಮೇಲೆ ಉಳಿದದ್ದು ಹೂವು.

ಹೆಸರಿನ ಮಹಿಮೆಗೆ ಇನ್ನೊಂದು ಸಾಕ್ಷಿ ನಮ್ಮ ಸಂತೆಯಲ್ಲೇ ಇದೆ. ಚೀನಾ ಕಡೆಯ ಒಂದು ಗಿಡ್ಡ ಬಾಳೆ ಮಾರಿಷಸ್ ಮೂಲಕ ಇಂಗ್ಲೆಂಡ್ ಸೇರಿ ಡ್ಯೂಕನ ಗಾಜಿನ ಮನೆಯಲ್ಲಿ ಗೊನೆ ಬಿಟ್ಟಿತು. ಪ್ಯಾಕ್ಸ್‌ಟನ್ ಅದನ್ನು ತನ್ನ ಪತ್ರಿಕೆಯಲ್ಲಿ ಹಾಕಿ, ಡ್ಯೂಕನ ಮನೆತನದ ಹೆಸರನ್ನೇ ಇಟ್ಟ: ಕ್ಯಾವೆಂಡಿಷ್. ಇವತ್ತು ನಮ್ಮ ತಳ್ಳುಗಾಡಿಯಲ್ಲಿ ಮಾರುವ ಪಚ್ಚಬಾಳೆ ಆ ಗುಂಪಿನದೇ. ಸಾವಿರಾರು ವರ್ಷ ಕಂದು ಕಿತ್ತು ನೆಟ್ಟು, ಬೀಜವಿಲ್ಲದ ಬಾಳೆಯನ್ನು ಉಳಿಸಿಕೊಂಡು ಬಂದ ಏಷ್ಯಾದ ರೈತರದು ಯಾವ ಹೆಸರೂ ಅಲ್ಲ. ಒಂದು ಗೊನೆ ಕಂಡ ಡ್ಯೂಕನದು ಹೆಸರು!

*

ನಮ್ಮ ನೆಲದಲ್ಲೂ ಈ ಕೆಲಸ ನಡೆದಿತ್ತು. 1846ರ ಸುಮಾರಿನಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ಕಂಪನಿಯ ವೈದ್ಯನಿದ್ದ. ದಿನಕ್ಕೊಂದು ಗಿಡದಂತೆ ಚಿತ್ರ ಬರೆಸಿದ. ಬರೆದವನು ಒಬ್ಬ ಮರಾಠಿ ಚಿತ್ರಗಾರ. ಮಲೆನಾಡಿನ ಗಿಡಗಳ ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆಸಿದವನ ಹೆಸರಲ್ಲೇ ಆ ಸಂಗ್ರಹ. ಮುಂದೆ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾದ ಇದೇ ಕ್ಲೆಗ್‌ಹಾರ್ನ್ ಕಾಡುಜನರ ಕುಮರಿ ಬೇಸಾಯವನ್ನು ವಿರೋಧಿಸಿ ಬರೆದ. ಗಿಡದ ಮೇಲೆ ಅಷ್ಟು ಪ್ರೀತಿ, ಆ ಗಿಡದ ನಡುವೆ ಬದುಕಿದವರ ಮೇಲೆ ಅಷ್ಟು ಗುಮಾನಿ.

ಮದ್ರಾಸಿನಲ್ಲಿ ರಾಬರ್ಟ್ ವೈಟ್ ಸ್ವಲ್ಪ ಬೇರೆ. ಅವನಿಗೆ ಬರೆದುಕೊಟ್ಟ ರಂಗಯ್ಯ, ಗೋವಿಂದು ಇಬ್ಬರ ಹೆಸರೂ ಚಿತ್ರಗಳ ಮೂಲೆಯಲ್ಲಿ ಅಚ್ಚಾದವು. 1853ರಲ್ಲಿ ಒಂದು ಸೀತಾಳೆಯ ಕುಲಕ್ಕೇ ‘ಗೋವಿಂದೂಯಾ’ ಅಂತ ಹೆಸರಿಟ್ಟ. ಆದರೆ ಆ ಹೂವಿಗೆ ಮೊದಲೇ ‘ಟ್ರೊಪಿಡಿಯಾ’ ಅನ್ನೋ ಹೆಸರಿತ್ತು, ಮೊದಲಿಟ್ಟ ಹೆಸರೇ ನಿಲ್ಲಬೇಕು ಅನ್ನೋದು ಶಾಸ್ತ್ರದ ನಿಯಮ. ಗೋವಿಂದು ಅಳಿಸಿಹೋದ. ನಿಯಮ ಸರಿಯೇ. ಆದರೆ ಆ ನಿಯಮ ಅಕ್ಷರದಲ್ಲಿ ಇಟ್ಟ ಹೆಸರಿಗೆ ಮಾತ್ರ. ಖಾಸಿಗಳೋ ಸೋಲಿಗರೋ ಬಾಯಲ್ಲಿ ಇಟ್ಟ ಹೆಸರಿಗೆ ಅಲ್ಲ.

ಸೋಲಿಗರ ಮಾತು ಬಂದದ್ದಕ್ಕೆ ಇನ್ನೊಂದು ಹೇಳಬೇಕು. ಕರ್ಟಿಸನ ಪತ್ರಿಕೆಯ ಆರಂಭದ ಸಂಪುಟಗಳಲ್ಲೇ ಲಂಟಾನದ ಚಿತ್ರವಿದೆ. ಅಮೆರಿಕದ ಬಿಸಿನಾಡಿನ ಗಿಡ, ತೋಟದ ಅಲಂಕಾರಕ್ಕೆ ಅಂತ ದೇಶದಿಂದ ದೇಶಕ್ಕೆ ಒಯ್ದದ್ದು. ಇಂಡಿಯಾದ ತೋಟಗಳಿಗೂ ಬಂತು, ಬೇಲಿ ಹಾರಿತು. ಇವತ್ತು ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಹುಲ್ಲು ನುಂಗಿ ನಿಂತಿದೆ. ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ಇದ್ದಾಗ ಈ ಗಿಡ ಹೀಗೆ ಹಬ್ಬಿರಲಿಲ್ಲ ಅನ್ನುವುದು ಸೋಲಿಗರ ಮಾತು. 1974ರಲ್ಲಿ ಅದು ವನ್ಯಧಾಮವಾಯಿತು, ಬೆಂಕಿಗೂ ಬೇಸಾಯಕ್ಕೂ ತಡೆ ಬಂತು. ಈಗ ಅಲ್ಲೂ ಮಲೆ ಮಹದೇಶ್ವರ ಬೆಟ್ಟದಲ್ಲೂ ಅದೇ ಲಂಟಾನದ ಕಡ್ಡಿ ಸೀಳಿ ಕುರ್ಚಿ, ಬುಟ್ಟಿ, ಆನೆಯ ಗೊಂಬೆ ಹೆಣೆದು ಮಾರುತ್ತಾರೆ. ಒಬ್ಬರ ಅಲಂಕಾರ ಇನ್ನೊಬ್ಬರ ಕಾಡು ತಿಂದಿತು. ತಿಂದದ್ದರಲ್ಲೇ ಅನ್ನ ಹುಡುಕಿಕೊಂಡವರು ನಮ್ಮ ಜನ.

*

ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕಲ್ಲಚ್ಚಿನಲ್ಲೇ ಬಣ್ಣ ಮೂಡಿಸುವ ಯಂತ್ರಗಳು ಎಲ್ಲ ಕಡೆ ಹಬ್ಬಿದ್ದವು. ಕರ್ಟಿಸನ ಪತ್ರಿಕೆ ಮಾತ್ರ ಹಟ ಹಿಡಿದು ಕೈಬಣ್ಣವನ್ನೇ ಮುಂದುವರಿಸಿತು. ಅದು ನಿಂತದ್ದು 1948ರಲ್ಲಿ. ಅಂದರೆ 160 ವರ್ಷ! ಸಂಪಾದಕರ ಪಟ್ಟಿ ಇದೆ, ಚಿತ್ರಗಾರರ ಪಟ್ಟಿ ಇದೆ, ಗಿಡಗಳ ಪಟ್ಟಿ ಇದೆ. 160 ವರ್ಷ ಕುಂಚ ಹಿಡಿದವರ ಪಟ್ಟಿ ಇಲ್ಲ.

ಈಗಿನ ವ್ಯಾಪಾರ ಬೇರೆ ಥರ. ಹಳೆಯ ಸಂಪುಟ ಕೊಂಡು, ಹೊಲಿಗೆ ಬಿಚ್ಚಿ, ಹಾಳೆ ಹಾಳೆ ಬಿಡಿಸಿ ಮಾರುತ್ತಾರೆ. ಚಿತ್ರದ ಜೊತೆಗಿದ್ದ ಬರಹ, ಗಿಡ ಎಲ್ಲಿಂದ ಬಂತು, ಯಾರು ತಂದರು ಅನ್ನುವ ಆ ಅಷ್ಟಿಷ್ಟು ಮಾಹಿತಿಯೂ ಬೇರೆಯಾಗುತ್ತದೆ. ಚರಿತ್ರೆ ಕಸದ ಬುಟ್ಟಿಗೆ, ಹೂವು ಗೋಡೆಗೆ.

ಹಾಗಂತ ಈ ಚಿತ್ರಗಳನ್ನು ಸುಡಬೇಕು ಅಂತ ನಾವು ಹೇಳುತ್ತಿಲ್ಲ. ಸುಟ್ಟರೆ ಆ ಹೆಂಗಸರ, ಮಕ್ಕಳ ಕೈಗುರುತು ಇರುವ ಒಂದೇ ಜಾಗವೂ ಹೋಗುತ್ತದೆ. ನಾವು ಹೇಳುವುದು ಇಷ್ಟೇ: ಓದುವ ರೀತಿ ಬದಲಾಗಬೇಕು. ಬೆಂಗಳೂರಿನ ಲಾಲ್‌ಬಾಗಿನ ಚರಿತ್ರೆಯನ್ನೇ ತಗೊಳ್ಳಿ. ಹೈದರಾಲಿಯಿಂದ ಶುರುವಾಗಿ, ಇಂಗ್ಲೆಂಡಿನ ಕ್ಯೂ ತೋಟದಿಂದ ಬಂದ ನ್ಯೂ, ಕ್ಯಾಮರಾನ್, ಕ್ರುಂಬಿಗಲ್ ಅಂತ ಮುಂದುವರಿಯುತ್ತದೆ. ಕ್ಯಾಮರಾನ್ ಕಾಲದಲ್ಲಿ ಅಲ್ಲಿನ ಗಿಡಗಳ ಚಿತ್ರ ಬರೆದ ಚೆಲುವಯ್ಯ ರಾಜು ಎಷ್ಟು ಜನಕ್ಕೆ ಗೊತ್ತು? ತಲೆಮಾರುಗಟ್ಟಲೆ ಮಣ್ಣು ಅಗೆದು, ನೀರು ಹೊತ್ತ ತಿಗಳರ ಮನೆಗಳಲ್ಲಿ ಎಷ್ಟು ಹೆಸರುಗಳು ಇನ್ನೂ ಬಾಯಲ್ಲಿ ಉಳಿದಿವೆ? ಕೂಲಿ ಪಟ್ಟಿಗಳನ್ನು ಬಿಚ್ಚಿ ನೋಡಿದವರು ಎಷ್ಟು ಮಂದಿ? ನಮ್ಮಲ್ಲಿ ಈಗ ಕಾಲೇಜು ಮೆಟ್ಟಿಲು ಹತ್ತಿದವರಿದ್ದಾರೆ, ಚರಿತ್ರೆಯಲ್ಲಿ ಎಂ.ಎ. ಮಾಡಿದವರಿದ್ದಾರೆ. ದೊರೆಗಳ ವಂಶವೃಕ್ಷ ಉರುಹೊಡೆದದ್ದು ಸಾಕು. ಒಬ್ಬೊಬ್ಬರು ಒಂದೊಂದು ಕೂಲಿ ಪಟ್ಟಿ ಹುಡುಕಲಿ. ಒಬ್ಬೊಬ್ಬರು ಒಬ್ಬ ಮುದುಕಿಯ ಮುಂದೆ ಕೂತು ಬರೆದುಕೊಳ್ಳಲಿ.

ಅಕ್ಷರ ತಡವಾಗಿ ಸಿಕ್ಕಿದೆ, ನಿಜ. ಸಿಕ್ಕ ಅಕ್ಷರದಿಂದ ಮೊದಲು ಮಾಡಬೇಕಾದ ಕೆಲಸ ಹೆಸರು ಬರೆಯುವುದು.